ಶನಿವಾರವಾಡೆಯಲ್ಲಿ ಅರಮನೆಯನ್ನು ಹುಡುಕಬೇಡಿ: ಪುಣೆಗೆ ಬರುವ ಕನ್ನಡಿಗರಿಗೊಂದು ಮಾರ್ಗದರ್ಶಿ

ಪುಣೆಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಧಾರವಾಡದಿಂದಲೋ ವಿಜಯಪುರದಿಂದಲೋ ಉಡುಪಿಯಿಂದಲೋ ನೆಂಟರು ಬಂದರೆ ಮರುದಿನ ಬೆಳಗ್ಗೆ ಚಹಾ ಕುಡಿಯುತ್ತಲೇ ‘ಶನಿವಾರವಾಡೆ ಇಲ್ಲಿಂದ ಎಷ್ಟು ದೂರ?’ ಎಂದು ಕೇಳುತ್ತಾರೆ. ಕರೆದುಕೊಂಡು ಹೋಗುತ್ತೇವೆ, ಟಿಕೆಟ್ ತೆಗೆಸುತ್ತೇವೆ. ಆ ಭಾರಿ ಬಾಗಿಲು ದಾಟಿ ಒಳಗೆ ಕಾಲಿಟ್ಟ ಐದು ನಿಮಿಷಕ್ಕೆ ಅವರ ಮುಖ ಸಪ್ಪಗಾಗುತ್ತದೆ. ಸಿನಿಮಾದಲ್ಲಿ ಕನ್ನಡಿ ಮಹಲು ನೋಡಿ ಬಂದವರಂತೂ ‘ಅರಮನೆ ಎಲ್ಲಿ?’ ಎಂದು ಬಾಯಿಬಿಟ್ಟೇ ಕೇಳುತ್ತಾರೆ.

ಮರಾಠಾ ರಾಜ್ಯದ ಪ್ರಧಾನಿಗಳಾದ ಪೇಶ್ವೆಗಳು ವಾಸವಿದ್ದ ಆ ಅರಮನೆ ಈಗ ಇಲ್ಲ. 1828ರ ಫೆಬ್ರುವರಿಯಲ್ಲಿ ಬಿದ್ದ ಬೆಂಕಿ ಏಳು ದಿನ ಉರಿದು, ತೇಗದ ಕಂಬ, ತೊಲೆ, ಮಹಡಿ, ಚಿತ್ತಾರದ ಛಾವಣಿ ಎಲ್ಲವನ್ನೂ ಬೂದಿ ಮಾಡಿತು. ಉಳಿದದ್ದು ಕೋಟೆಯ ಗೋಡೆ, ಬುರುಜುಗಳು, ಬಾಗಿಲುಗಳು, ನೆಲದ ಮೇಲಿನ ಪಾಯ ಮತ್ತು ನೀರಿನ ಕಾಲುವೆಗಳು. ನಡುವೆ ಹುಲ್ಲುಹಾಸು, ಮರಗಳು. ಇಷ್ಟನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋದರೆ ಅರ್ಧ ನಿರಾಸೆ ತಪ್ಪುತ್ತದೆ. ಉಳಿದರ್ಧ ತಪ್ಪಿಸಲು ಯಾವುದನ್ನು ಮೊದಲು ನೋಡಬೇಕು, ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದು ಗೊತ್ತಿರಬೇಕು. ಈ ಬರಹ ಅದಕ್ಕಾಗಿ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರುವರಿವರೆಗೆ ಯಾವ ದಿನವಾದರೂ ಸರಿ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಬಾಗಿಲು ಬೆಳಗ್ಗೆ 8ಕ್ಕೆ ತೆರೆದು ಸಂಜೆ 6.30ರ ಸುಮಾರಿಗೆ ಮುಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದು ಗಂಟೆಯ ಮೇಲೆ ಒಳಗೆ ನಿಲ್ಲಲಾಗದು. ಅರಮನೆಯೇ ಇಲ್ಲದ ಮೇಲೆ ನೆರಳೆಲ್ಲಿಂದ ಬರಬೇಕು? ಮಳೆಗಾಲದಲ್ಲಿ ಹುಲ್ಲು ಹಸಿರಾಗಿ, ಕರಿಕಲ್ಲಿನ ಗೋಡೆ ನೆನೆದು ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ, ವಯಸ್ಸಾದವರಿದ್ದರೆ ಬೇಡ.

ಗಣೇಶೋತ್ಸವದ ಹತ್ತು ದಿನ ಈ ಭಾಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಸಂಜೆಯಾದರೆ ರಸ್ತೆಗಳನ್ನೇ ಮುಚ್ಚುತ್ತಾರೆ. ಉತ್ಸವ ನೋಡಲೆಂದೇ ಬಂದವರ ಮಾತು ಬೇರೆ, ಕೋಟೆ ನೋಡಬೇಕೆಂದು ಬಂದವರು ಆ ದಿನಗಳನ್ನು ಬಿಟ್ಟುಬಿಡಿ. ಸಂಕಷ್ಟಿಯ ದಿನವೂ ಪಕ್ಕದ ದಗಡೂಶೇಠ್ ಗಣಪತಿಯ ಕಡೆ ಜನ ಸಾಗರ.

ತಲುಪುವ ಬಗೆ

ಕಾರು ಬೇಡ. ಇದು ಪೇಟೆಗಳ ನಡುವಿನ ಹಳೆಯ ಪುಣೆ. ವಾಡೆಯ ಹತ್ತಿರದ ಎರಡು ದೊಡ್ಡ ರಸ್ತೆಗಳಲ್ಲಿ ಶಿವಾಜಿ ರಸ್ತೆ ಸ್ವಾರಗೇಟ್‌ನತ್ತ ಮಾತ್ರ ಹೋಗುತ್ತದೆ, ಬಾಜೀರಾವ್ ರಸ್ತೆ ಅತ್ತಣಿಂದ ಇತ್ತ ಮಾತ್ರ ಬರುತ್ತದೆ. ಒಂದು ತಿರುವು ತಪ್ಪಿದರೆ ಇಡೀ ಬುಧವಾರ ಪೇಟೆ ಸುತ್ತಿ ಬರಬೇಕು.

ಮೆಟ್ರೊ ಬಂದ ಮೇಲೆ ಕೆಲಸ ಸುಲಭವಾಗಿದೆ. ಬೆಳಗಾವಿ, ಹುಬ್ಬಳ್ಳಿ ಕಡೆಯ ನಮ್ಮ ಸಾರಿಗೆ ಬಸ್ಸಿನಲ್ಲಿ ಬಂದು ಸ್ವಾರಗೇಟ್‌ನಲ್ಲಿ ಇಳಿದವರು ಅಲ್ಲೇ ಮೆಟ್ರೊ ಹತ್ತಿ, ಮಂಡಈ ಬಿಟ್ಟು ಮುಂದಿನ ಕಸಬಾ ಪೇಟೆ ನಿಲ್ದಾಣದಲ್ಲಿ ಇಳಿಯಬೇಕು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಈ ಸುರಂಗ ಮಾರ್ಗದ ನಿಲ್ದಾಣಕ್ಕೆ ಮೊದಲು ಬುಧವಾರ ಪೇಟೆ ಎಂಬ ಹೆಸರಿತ್ತು. ಹಳೆಯ ನಕ್ಷೆ ಹಿಡಿದವರು ಗೊಂದಲ ಮಾಡಿಕೊಳ್ಳಬೇಡಿ, ಎರಡೂ ಒಂದೇ. ಪಿಂಪ್ರಿ-ಚಿಂಚವಾಡದಲ್ಲಿ ಇರುವವರಿಗೂ ಇದೇ ಮಾರ್ಗ, ಬದಲಿಸುವ ಗೋಜಿಲ್ಲ.

ರೈಲಿನಲ್ಲಿ ಬಂದವರಿಗೆ ಇನ್ನೊಂದು ದಾರಿಯಿದೆ, ನನಗೆ ಮೆಚ್ಚಿನದು ಅದೇ. ಪುಣೆ ರೈಲು ನಿಲ್ದಾಣದಿಂದ ವನಾಝ್ ಕಡೆಯ ಮೆಟ್ರೊ ಹತ್ತಿ ಮೂರನೆಯ ನಿಲ್ದಾಣವಾದ ಮಹಾನಗರಪಾಲಿಕೆಯಲ್ಲಿ ಇಳಿಯಿರಿ. ಇಲ್ಲಿಯ ಜನ ಈ ಜಾಗವನ್ನು ‘ಮನಪಾ’ ಎನ್ನುತ್ತಾರೆ, ಸಿಟಿ ಬಸ್ಸುಗಳ ಮೇಲೂ ಹಾಗೆಯೇ ಬರೆದಿರುತ್ತದೆ. ಅಲ್ಲಿಂದ ಮುಠಾ ನದಿಯ ಮೇಲಿನ ಕಲ್ಲಿನ ಶಿವಾಜಿ ಸೇತುವೆಯನ್ನು ನಡೆದು ದಾಟಿದರೆ ಎದುರಿಗೇ ವಾಡೆ. 1923ರಲ್ಲಿ ಕಟ್ಟಿದ ಸೇತುವೆಯಾದರೂ ಹಳಬರ ಬಾಯಲ್ಲಿ ಇಂದಿಗೂ ಅದು ‘ನವಾ ಪೂಲ್’, ಅಂದರೆ ಹೊಸ ಸೇತುವೆ. ಹೀಗೆ ಉತ್ತರದಿಂದ ನಡೆದು ಬಂದರೆ ಕೋಟೆ ತನ್ನ ಮುಖ ತೋರಿಸುತ್ತ ಹತ್ತಿರವಾಗುತ್ತದೆ. ರಿಕ್ಷಾದಲ್ಲಿ ಬಂದು ಬಾಗಿಲ ಮುಂದೆ ಇಳಿದವರಿಗೆ ಆ ನೋಟ ಸಿಗುವುದಿಲ್ಲ. ಮೆಟ್ರೊ ನಿಲ್ದಾಣ ಬಿಡುವ ಮೊದಲು ಅಲ್ಲಿನ ಶೌಚಾಲಯ ಬಳಸಿಕೊಳ್ಳುವುದು ಒಳ್ಳೆಯದು, ಮುಂದಿನ ಎರಡು ಮೂರು ತಾಸು ಅಷ್ಟು ಸ್ವಚ್ಛವಾದದ್ದು ಸಿಗುವ ಭರವಸೆಯಿಲ್ಲ.

ಒಳಗೆ ಹೋಗುವ ಮೊದಲು ಹೊರಗೆ ಸುತ್ತಿ

ಮುಂದಿನ ಅಂಗಳದಲ್ಲಿ ಕುದುರೆಯೇರಿದ ಒಂದನೆಯ ಬಾಜೀರಾವನ ಪ್ರತಿಮೆಯಿದೆ. ಸಾತಾರಾದ ಛತ್ರಪತಿ ಶಾಹುವಿನ ಪೇಶ್ವೆಯಾಗಿದ್ದ ಈತ ಸಾಸವಡದಲ್ಲಿದ್ದ ತನ್ನ ಠಾಣೆಯನ್ನು ಪುಣೆಗೆ ತಂದು, 1730ರ ಜನವರಿ 10ರಂದು ಇಲ್ಲಿ ಅಡಿಗಲ್ಲು ಹಾಕಿದ. ಅಂದು ಶನಿವಾರ. ಎರಡು ವರ್ಷಕ್ಕೆ, 1732ರ ಜನವರಿ 22ರಂದು ವಾಸ್ತುಶಾಂತಿಯಾಯಿತು, ಅದೂ ಶನಿವಾರವೇ. ತೇಗ ಜುನ್ನರದ ಕಾಡಿನಿಂದ, ಕಲ್ಲು ಚಿಂಚವಾಡದ ಗಣಿಯಿಂದ, ಸುಣ್ಣ ಜೇಜುರಿಯಿಂದ ಬಂತು. ಖರ್ಚು 16,110 ರೂಪಾಯಿ ಎಂದು ಲೆಕ್ಕ ಹೇಳುತ್ತಾರೆ.

ಉತ್ತರ ಕರ್ನಾಟಕದ ದೇಸಾಯರ ವಾಡೆಗಳನ್ನು ನೋಡಿದವರಿಗೆ ಇದರ ರಚನೆ ಹೊಸತೆನಿಸದು. ಎತ್ತರದ ಗೋಡೆ, ಮೂಲೆಗಳಲ್ಲಿ ಕೊತ್ತಲ, ಒಳಗೆ ಚೌಕದ ನಂತರ ಚೌಕ. ಇಲ್ಲಿ ಬುರುಜುಗಳು ಒಂಬತ್ತು, ಬಾಗಿಲುಗಳು ಐದು. ಟಿಕೆಟ್ ಕೊಳ್ಳುವ ಮೊದಲು ಗೋಡೆಯ ಸುತ್ತ ಒಂದು ಸುತ್ತು ಹಾಕಿ ಆ ಐದನ್ನೂ ಗುರುತಿಸಿಕೊಳ್ಳಿ. ಬಹಳ ಜನ ಇದನ್ನು ಬಿಡುತ್ತಾರೆ, ಒಳಗಿನ ಕಥೆಗಳ ಬೀಗದ ಕೈ ಇರುವುದು ಮಾತ್ರ ಇಲ್ಲಿ.

ಉತ್ತರಕ್ಕೆ ಎರಡು ಬಾಗಿಲು: ನಡುವಿನ ದೊಡ್ಡದು ದಿಲ್ಲಿ ದರವಾಜ, ಇನ್ನೊಂದು ಮಸ್ತಾನಿ ದರವಾಜ. ಬಾಜೀರಾವನ ಎರಡನೆಯ ಹೆಂಡತಿ ಮಸ್ತಾನಿ ಓಡಾಡುತ್ತಿದ್ದದ್ದು ಅಲ್ಲಿಂದ, ಮನೆಯವರ ಹೆಬ್ಬಾಗಿಲಿನಿಂದ ಅಲ್ಲ. ಆ ಮನೆಯಲ್ಲಿ ಅವಳಿಗಿದ್ದ ಜಾಗವನ್ನು ಈ ಒಂದು ಬಾಗಿಲು ಹೇಳುತ್ತದೆ. ಪೂರ್ವಕ್ಕೆ ಖಿಡಕಿ ದರವಾಜ. ಆಗ್ನೇಯಕ್ಕೆ ಗಣೇಶ ದರವಾಜ, ವಾಡೆಯ ಹೆಣ್ಣುಮಕ್ಕಳು ಕಸಬಾ ಗಣಪತಿಯ ದರ್ಶನಕ್ಕೆ ಹೋಗುತ್ತಿದ್ದ ದಾರಿ. ದಕ್ಷಿಣದ್ದು ಜಾಂಭುಳ ದರವಾಜ. ಅದಕ್ಕೆ ನಾರಾಯಣ ದರವಾಜ ಎಂಬ ಇನ್ನೊಂದು ಹೆಸರು ಯಾಕೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ. ಮಕ್ಕಳು ಜೊತೆಗಿದ್ದರೆ ಆ ಬಾಗಿಲ ಮುಂದೆ ನಿಂತು ಹೇಳಬೇಡಿ.

ದಿಲ್ಲಿ ದರವಾಜದಲ್ಲಿ ಹತ್ತು ನಿಮಿಷ ನಿಲ್ಲಿ

ಭಾರತೀಯರಿಗೆ ಟಿಕೆಟ್ 25 ರೂಪಾಯಿ, ವಿದೇಶಿಯರಿಗೆ 300, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಪುರಾತತ್ವ ಇಲಾಖೆಯ ಜಾಗವಾದ್ದರಿಂದ ಮೊಬೈಲಿನಲ್ಲಿ ಹಣ ಕಟ್ಟಿಯೂ ಟಿಕೆಟ್ ತೆಗೆಯಬಹುದು. ಭಾನುವಾರದ ಸಾಲು ತಪ್ಪಿಸಲು ಅದೇ ಉಪಾಯ.

ಟಿಕೆಟ್ ಕೈಗೆ ಬಂದೊಡನೆ ಎಲ್ಲರೂ ಒಳಗೆ ನುಗ್ಗುತ್ತಾರೆ. ನೀವು ನಿಲ್ಲಿ. ಈ ಕೋಟೆಯಲ್ಲಿ ಸುಡದೆ ಇಡಿಯಾಗಿ ಉಳಿದ ದೊಡ್ಡ ವಸ್ತು ಈ ಬಾಗಿಲೇ. ಅಂಬಾರಿ ಹೊತ್ತ ಆನೆ ನೇರ ಒಳಗೆ ಹೋಗುವಷ್ಟು ಎತ್ತರ. ಪ್ರತಿ ಕದದ ಮೇಲೆ ಅಡಿಯುದ್ದದ ಉಕ್ಕಿನ ಮೊಳೆಗಳು, ಒಂಬತ್ತು ಎಂಟರ ಲೆಕ್ಕದಲ್ಲಿ 72. ಮಕ್ಕಳಿಗೆ ಎಣಿಸಲು ಹೇಳಿ. ಅವು ಬಾಗಿಲ ತುಂಬ ಇಲ್ಲವಲ್ಲ, ಒಂದು ಎತ್ತರದಲ್ಲಿ ಮಾತ್ರ ಯಾಕಿವೆ ಎಂದು ಅವರೇ ಕೇಳುತ್ತಾರೆ. ಯುದ್ಧದ ಆನೆ ಹಣೆಯಿಂದ ಗುದ್ದಿ ಕದ ಮುರಿಯಲು ಬಂದರೆ ಅದರ ಹಣೆ ಎಲ್ಲಿಗೆ ತಾಗುತ್ತದೋ ಅಲ್ಲಿ ಮೊಳೆಗಳಿವೆ. ಹತ್ತಿರ ಹೋಗಿ ಒಂದು ಮೊಳೆಯನ್ನು ನೋಡಿ: ಬುಡದಲ್ಲಿ ದಪ್ಪ, ತುದಿಗೆ ಬರುತ್ತ ಚೂಪು.

ಬಲಗಡೆಯ ಕದದಲ್ಲಿ ಒಂದು ದಿಡ್ಡಿ ಬಾಗಿಲಿದೆ. ದಿನದ ಓಡಾಟಕ್ಕೆ ಅದು. ಒಬ್ಬೊಬ್ಬರೇ ತಲೆಬಾಗಿಸಿ ದಾಟಬೇಕು, ಗುಂಪಾಗಿ ನುಗ್ಗಲಾಗದು. ಇನ್ನೊಂದು ಎಚ್ಚರಿಕೆ ಬಾಗಿಲ ಹಿಂದಿದೆ. ಒಳಗೆ ಹೋದ ಕೂಡಲೇ ದಾರಿ ನೇರವಾಗಿ ಹೋಗದೆ ಬಲಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ ಅಂಗಳ ಸೇರುತ್ತದೆ. ಕದ ಮುರಿದು ಬಂದ ವೈರಿ ಆ ಇಕ್ಕಟ್ಟಿನ ತಿರುವಿನಲ್ಲಿ ವೇಗ ಕಳೆದುಕೊಳ್ಳಬೇಕು. ನಮ್ಮ ಚಿತ್ರದುರ್ಗದ ಬಾಗಿಲುಗಳಲ್ಲಿ ಸುತ್ತಿ ಬಂದವರಿಗೆ ಈ ಯುಕ್ತಿ ಗೊತ್ತು. ಅಲ್ಲಿ ಬೆಟ್ಟವೇ ಸಹಾಯ ಮಾಡಿತ್ತು, ಇಲ್ಲಿ ಬಯಲಲ್ಲಿ ಗೋಡೆಯೊಂದರಿಂದಲೇ ಅದನ್ನು ಸಾಧಿಸಿದ್ದಾರೆ. ಆ ಒಳಗೋಡೆಗಳ ಮೇಲೆ ಮಸುಕಾದ ಚಿತ್ರಗಳ ಕುರುಹು ಇದೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣದು, ಕತ್ತಲೆಗೆ ಕಣ್ಣು ಹೊಂದುವವರೆಗೆ ಕಾದರೆ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಅವುಗಳ ಮೇಲೆ ಕೈ ಸವರಬೇಡಿ, ಸವರಿದವರ ದೆಸೆಯಿಂದಲೂ ಅವು ಇಷ್ಟು ಮಸುಕಾಗಿವೆ.

ಫೋಟೊ ಹುಚ್ಚಿನವರಿಗೆ ಒಂದು ಮಾತು. ಈ ಬಾಗಿಲು ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಇಡೀ ದಿನ ಬಾಗಿಲ ಮುಖ ನೆರಳಿನಲ್ಲೇ ಇರುತ್ತದೆ. ಆಕಾಶವನ್ನು ಚೌಕಟ್ಟಿನಿಂದ ಬಿಟ್ಟು ಕದವನ್ನಷ್ಟೇ ತುಂಬಿಸಿ ತೆಗೆದರೆ ಮೊಳೆಗಳು ಸ್ಪಷ್ಟವಾಗಿ ಬರುತ್ತವೆ.

ಮೇಲೆ ಹತ್ತಿ, ಆಮೇಲೆ ಕೆಳಗೆ ನೋಡಿ

ನನ್ನ ಸಲಹೆ ಎಲ್ಲರ ಕ್ರಮಕ್ಕೆ ತಿರುಗು ಮುರುಗು: ತೋಟಕ್ಕೆ ಇಳಿಯುವ ಮೊದಲು ದಿಲ್ಲಿ ದರವಾಜದ ಮೇಲೆ ನಗಾರಿ ಬಾರಿಸುತ್ತಿದ್ದ ನಗಾರಖಾನೆಗೆ ಹತ್ತಿ. ಮೆಟ್ಟಿಲುಗಳು ಎತ್ತರವಾಗಿವೆ, ಮಂಡಿನೋವಿನವರು ನಿಧಾನ ಮಾಡಿ. ಮೇಲೆ ಮರದ ಕಂಬಗಳ ತೆರೆದ ಮಂಟಪ, ಸುರು (ಸೈಪ್ರೆಸ್) ಮರದ ಆಕಾರಕ್ಕೆ ಕೆತ್ತಿದ ಕಂಬಗಳ ನಡುವೆ ಕಮಾನು. ಕೆಳಗೆ ಸುಟ್ಟುಹೋದ ಏಳು ಅಂತಸ್ತಿನ ಮಹಲು ಹೇಗಿದ್ದಿರಬಹುದು ಎಂದು ಊಹಿಸಲು ಈ ಕಂಬಗಳೇ ಆಧಾರ.

ಇಲ್ಲಿ ನಿಂತು ಒಮ್ಮೆ ಹೊರಗೆ, ಒಮ್ಮೆ ಒಳಗೆ ನೋಡಿ. ಹೊರಗೆ ಪ್ರತಿಮೆ, ಅಂಗಳ, ಸೇತುವೆಯತ್ತ ಸಾಗುವ ಬಸ್ಸುಗಳು. ಆ ಅಂಗಳ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ದೊಡ್ಡ ಸಭೆಗಳನ್ನು ಕಂಡದ್ದು. ಇಂದಿಗೂ ಪುಣೆಯವರು ಸಭೆ, ಮೆರವಣಿಗೆ ಎಂದರೆ ಇಲ್ಲಿಗೇ ಬರುತ್ತಾರೆ. ಒಳಗೆ ನೋಡಿದರೆ ಕೆಳಗಿನಿಂದ ಬರಿಯ ಕಲ್ಲುಸಾಲು ಎನಿಸುವುದೆಲ್ಲ ನಕ್ಷೆಯಾಗಿ ಕಾಣುತ್ತದೆ. ಇಲ್ಲೊಂದು ಚೌಕ, ಅದರಾಚೆ ಉದ್ದನೆಯ ದಿವಾನಖಾನೆ, ಅಲ್ಲಿ ಕೊಳ, ಆ ಮೂಲೆಯಲ್ಲಿ ಕಾರಂಜಿ. ಈ ನಕ್ಷೆಯನ್ನು ಕಣ್ಣಲ್ಲಿ ಹಿಡಿದುಕೊಂಡು ಇಳಿದರೆ ಕೆಳಗೆ ದಾರಿ ತಪ್ಪುವುದಿಲ್ಲ. ಗೋಡೆಯ ಮೇಲಿನ ದಾರಿ ತೆರೆದಿದ್ದರೆ ಸ್ವಲ್ಪ ದೂರ ನಡೆಯಿರಿ. ಕೆಲವು ಕಡೆ ತಡೆಗೋಡೆ ಗಿಡ್ಡವಾಗಿರುವುದರಿಂದ ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಪಾಯಗಳನ್ನು ಓದುವುದು

ಈಗ ಕೆಳಗಿಳಿಯಿರಿ. ಹುಲ್ಲುಹಾಸಿನ ನಡುವೆ ಅಲ್ಲಲ್ಲಿ ಫಲಕಗಳಿವೆ: ಥೋರಲ್ಯಾ ರಾಯರ ದಿವಾನಖಾನೆ, ನಾಚಿನ ದಿವಾನಖಾನೆ, ಹಳೆಯ ಆರಸೆ ಮಹಲು. ಥೋರಲ್ಯಾ ರಾಯರೆಂದರೆ ಮೊದಲ ಬಾಜೀರಾವ, ಆರಸೆ ಮಹಲೆಂದರೆ ನೆಂಟರು ಹುಡುಕಿ ಬಂದ ಕನ್ನಡಿ ಮಹಲು. ಅದು ಈಗ ಒಂದು ಕಟ್ಟೆ. ಕಟ್ಟೆಯ ಮೇಲೆ ಕಂಬದ ಬುಡಕ್ಕಿಟ್ಟ ಕಲ್ಲುಗಳನ್ನು ಗಮನಿಸಿ. ಎರಡು ಕಲ್ಲುಗಳ ನಡುವಿನ ಅಂತರ ಹೆಜ್ಜೆಯಿಂದ ಅಳೆದರೆ ಕೋಣೆಯ ಅಗಲ ತಿಳಿಯುತ್ತದೆ, ಗೋಡೆಯ ದಪ್ಪ ನೋಡಿದರೆ ಮೇಲೆ ಎಷ್ಟು ಭಾರವಿತ್ತೆಂದು ಅಂದಾಜಾಗುತ್ತದೆ. ಇಲ್ಲಿದ್ದ ‘ಮೇಘಡಂಬರಿ’ ಎಂಬ ಮೇಲಿನ ಮಹಡಿಯಿಂದ ಆಳಂದಿಯ ಜ್ಞಾನೇಶ್ವರ ದೇಗುಲದ ಶಿಖರ ಕಾಣುತ್ತಿತ್ತು ಎನ್ನುತ್ತಾರೆ. ಇಂದಿನ ಕಟ್ಟಡಗಳ ನಡುವೆ ಆಳಂದಿ ಇರಲಿ, ಪಕ್ಕದ ಪೇಟೆಯೂ ಕಾಣದು.

ಗಣಪತಿ ರಂಗಮಹಲಿದ್ದ ಜಾಗದಲ್ಲಿ ಕನ್ನಡಿಗರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನಾನಾಸಾಹೇಬ ಪೇಶ್ವೆ 1755ರಲ್ಲಿ ಕಟ್ಟಿಸಿದ ದರ್ಬಾರು ಅದು. ಮರುವರ್ಷವೇ ಆತ ಸವಣೂರಿನ ನವಾಬನ ಮೇಲೆ ದಂಡೆತ್ತಿ ಹೋದ. ಮೂರು ದಶಕ ಕಳೆದ ಮೇಲೆ, 1790ರಲ್ಲಿ, ಟಿಪ್ಪುವಿನ ವಿರುದ್ಧ ಪೇಶ್ವೆ ಮತ್ತು ಈಸ್ಟ್ ಇಂಡಿಯಾ ಕಂಪನಿ ಕೈಜೋಡಿಸಿದ ಒಪ್ಪಂದವಾದದ್ದು ಪುಣೆಯಲ್ಲಿ. ಕಂಪನಿಯ ರೆಸಿಡೆಂಟ್ (ದರ್ಬಾರಿನಲ್ಲಿದ್ದ ಪ್ರತಿನಿಧಿ) ಚಾರ್ಲ್ಸ್ ಮ್ಯಾಲೆಟ್ ಹದಿಹರೆಯದ ಪೇಶ್ವೆ ಸವಾಯಿ ಮಾಧವರಾವನ ದರ್ಬಾರಿನಲ್ಲಿ ಕುಳಿತಿರುವ ದೊಡ್ಡ ವರ್ಣಚಿತ್ರವೊಂದಿದೆ. ಪುಣೆಯಲ್ಲಿದ್ದ ಜೇಮ್ಸ್ ವೇಲ್ಸ್ ಬರೆದಿಟ್ಟಿದ್ದ ರೇಖೆಗಳ ಆಧಾರದ ಮೇಲೆ ಥಾಮಸ್ ಡೇನಿಯಲ್ ಅದನ್ನು 1805ರಲ್ಲಿ ಮುಗಿಸಿದ. ಮೊಬೈಲಿನಲ್ಲಿ ಆ ಚಿತ್ರ ತೆರೆದಿಟ್ಟುಕೊಂಡು ಈ ಪಾಯದ ಮುಂದೆ ನಿಂತರೆ ಇಲ್ಲಿ ಏನು ಸುಟ್ಟುಹೋಯಿತೆಂಬುದು ಗೊತ್ತಾಗುತ್ತದೆ. ಆ ಒಪ್ಪಂದದ ಬಿಸಿ ತಟ್ಟಿದ್ದು ನಮ್ಮ ಕಡೆಗೆ: ಪೇಶ್ವೆಯ ಸೇನಾನಿ ಪರಶುರಾಮ ಭಾವೂ ಪಟವರ್ಧನನ ಸೈನ್ಯ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1791ರ ಏಪ್ರಿಲ್‌ನಲ್ಲಿ ಅದನ್ನು ಹಿಡಿಯಿತು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಮರಾಠಿಯಲ್ಲಿ ವಿವರಿಸುವ ಯಾವ ಮಾರ್ಗದರ್ಶಕನೂ ಇದನ್ನು ಧಾರವಾಡದ ಕಡೆಯಿಂದ ಹೇಳುವುದಿಲ್ಲ. ಜೊತೆಗಿರುವ ನೆಂಟರಿಗೆ ನೀವೇ ಹೇಳಬೇಕು.

ನೀರು ಎಲ್ಲಿಂದ ಬಂತು

ಹಜಾರಿ ಕಾರಂಜಿಯನ್ನು ಎಲ್ಲರೂ ಹುಡುಕುತ್ತಾರೆ. ಹದಿನಾರು ದಳದ ಕಮಲದ ಆಕಾರದಲ್ಲಿದೆ, ಎಳೆಯ ಸವಾಯಿ ಮಾಧವರಾವನ ಸಂತೋಷಕ್ಕೆಂದು ಮಾಡಿಸಿದ್ದು ಎನ್ನುತ್ತಾರೆ. ಹೆಚ್ಚಿನ ದಿನ ಒಣಗಿಯೇ ಇರುತ್ತದೆ. ‘ಇಷ್ಟೇನಾ?’ ಎಂದು ಮುಂದೆ ಹೋಗಬೇಡಿ, ಬಗ್ಗಿ ದಳಗಳ ನಡುವೆ ನೀರು ಚಿಮ್ಮುತ್ತಿದ್ದ ಸಣ್ಣ ತೂತುಗಳನ್ನೂ ಸುತ್ತಲಿನ ಕಾಲುವೆಯನ್ನೂ ನೋಡಿ.

ವಿದ್ಯುತ್ ಇಲ್ಲ, ಪಂಪ್ ಇಲ್ಲ. ಆದರೂ ನೀರು ಚಿಮ್ಮಿದ್ದು ಇಳಿಜಾರಿನ ಬಲದಿಂದ. ಊರಿನ ದಕ್ಷಿಣಕ್ಕೆ, ಎತ್ತರದ ಕಾತ್ರಜದಲ್ಲಿ ನಾನಾಸಾಹೇಬನ ಕಾಲದಲ್ಲಿ ಕೆರೆ ಕಟ್ಟಿ, ಅಲ್ಲಿಂದ ನೆಲದಡಿಯ ಕಟ್ಟಡದ ಕಾಲುವೆಯಲ್ಲಿ ನೀರನ್ನು ಇಲ್ಲಿಯವರೆಗೆ ತಂದರು. ದಾರಿಯಲ್ಲಿ ಅಲ್ಲಲ್ಲಿ ‘ಉಚ್ಛ್ವಾಸ’ ಎಂಬ ಕಟ್ಟಡಗಳು. ಕಾಲುವೆಯಲ್ಲಿ ಸಿಕ್ಕ ಗಾಳಿಯನ್ನು ಹೊರಬಿಡುವುದು, ಒತ್ತಡವನ್ನು ಹತೋಟಿಯಲ್ಲಿಡುವುದು ಅವುಗಳ ಕೆಲಸ. ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊರವಿಯ ನೀರನ್ನು ಊರೊಳಗೆ ತರಲು ಆದಿಲಶಾಹಿಗಳು ಕಟ್ಟಿದ ಗಂಜ್ ಎಂಬ ನೀರಿನ ಗೋಪುರಗಳನ್ನು ಅವರು ದಿನಾ ನೋಡುತ್ತಾರೆ. ಕಾತ್ರಜದ ನೀರು ಪೇಶ್ವೆಗಳ ಕಾರಂಜಿಗೆ ಮಾತ್ರ ಸೀಮಿತವಾಗಿರಲಿಲ್ಲ, ಪೇಟೆಗಳ ಸಾರ್ವಜನಿಕ ಹೌದಗಳಿಗೂ (ನೀರಿನ ತೊಟ್ಟಿಗಳಿಗೂ) ಹರಿಯುತ್ತಿತ್ತು. ಮೆಟ್ರೊ ನಿಲ್ದಾಣದ ಬಳಿಯ ಫಡಕೆ ಹೌದ ಚೌಕಕ್ಕೆ ಆ ಹೆಸರು ಹಾಗೆ ಬಂದದ್ದು. ನನ್ನ ಮಟ್ಟಿಗೆ ಪೇಶ್ವೆಗಳ ಕಾಲದ ಪುಣೆಯಲ್ಲಿ ಮೆಚ್ಚಬೇಕಾದ ಮೊದಲ ಸಾಧನೆ ಈ ನೀರಿನದು, ಕನ್ನಡಿ ಮಹಲು ಆಮೇಲೆ.

ಈ ಕಾರಂಜಿಯ ಸುತ್ತಲೇ ಇನ್ನೊಂದು ಕಥೆಯೂ ಇದೆ. 1795ರ ಅಕ್ಟೋಬರ್‌ನಲ್ಲಿ, ಇಪ್ಪತ್ತೊಂದು ವರ್ಷದ ಸವಾಯಿ ಮಾಧವರಾವ ಮಹಡಿಯಿಂದ ಕೆಳಗೆ ಬಿದ್ದು, ಕೆಲವು ದಿನಗಳಲ್ಲಿ ತೀರಿಕೊಂಡ. ತಾನಾಗಿ ಹಾರಿದನೋ, ಜ್ವರದ ನಿಶ್ಶಕ್ತಿಯಲ್ಲಿ ಜಾರಿದನೋ ಎಂಬ ವಾದ ಇಂದಿಗೂ ನಿಂತಿಲ್ಲ.

ನಾರಾಯಣರಾವನ ಕಥೆ, ಹುಣ್ಣಿಮೆಯ ಕೂಗು

1773ರ ಆಗಸ್ಟ್ 30ರಂದು, ಪೇಶ್ವೆಯಾಗಿ ವರ್ಷವೂ ತುಂಬದ ಹದಿನೆಂಟರ ನಾರಾಯಣರಾವನನ್ನು ಅರಮನೆಯ ಕಾವಲಿನ ಗಾರ್ದಿಗಳು ಹಗಲಲ್ಲೇ ಕೊಂದರು. ಚಿಕ್ಕಪ್ಪ ರಘುನಾಥರಾವನ ಕೈವಾಡ ಅದರಲ್ಲಿತ್ತು. ಹುಡುಗ ಅವನ ಕೋಣೆಗೇ ಓಡಿ ‘ಕಾಕಾ, ಮಲಾ ವಾಚವಾ’ (ಚಿಕ್ಕಪ್ಪ, ನನ್ನನ್ನು ಉಳಿಸಿ) ಎಂದು ಅಂಗಲಾಚಿದ ಎನ್ನುತ್ತಾರೆ. ಶವವನ್ನು ದಕ್ಷಿಣದ ಬಾಗಿಲಿನಿಂದ ಗುಟ್ಟಾಗಿ ಸಾಗಿಸಿದರು, ಅದಕ್ಕೇ ಅದು ನಾರಾಯಣ ದರವಾಜ. ಹುಣ್ಣಿಮೆಯ ರಾತ್ರಿ ಆ ಕೂಗು ಈಗಲೂ ಕೇಳುತ್ತದೆಂಬ ಮಾತು ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತದೆ. ರಾತ್ರಿ ಕೋಟೆಗೆ ಬೀಗ ಹಾಕಿರುತ್ತದೆ, ಗೋಡೆಯ ಹೊರಗೆ ನಿಂತರೆ ಕೇಳುವುದು ಶಿವಾಜಿ ರಸ್ತೆಯ ಹಾರ್ನ್ ಮಾತ್ರ.

ದೆವ್ವದ ಕಥೆಗಿಂತ ದೊಡ್ಡ ಸಂಗತಿ ಆಮೇಲಿನದು. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ತನಿಖೆ ನಡೆಸಿ, ಅಷ್ಟು ಹೊತ್ತಿಗೆ ಪೇಶ್ವೆಯಾಗಿ ಕುಳಿತಿದ್ದ ರಘುನಾಥರಾವನನ್ನೇ ಅಪರಾಧಿ ಎಂದು ಹೇಳಿದ. ಮಕ್ಕಳಿಗೆ ಹೇಳುವುದಾದರೆ ಇದನ್ನು ಹೇಳಿ.

ತೋಟದಲ್ಲಿ ಕೂರುವುದು

ಇಷ್ಟು ಸುತ್ತುವ ಹೊತ್ತಿಗೆ ಕಾಲು ಸೋತಿರುತ್ತದೆ. ಮರದ ನೆರಳು ಹುಡುಕಿ ಕುಳಿತುಕೊಳ್ಳಿ. ಪಾಯದ ಕಟ್ಟೆಗಳ ಮೇಲೆ ಹತ್ತಿ ಕುಳಿತರೆ ಕಾವಲುಗಾರನ ಸಿಳ್ಳೆ ಬೀಳುತ್ತದೆ, ಬೀಳಬೇಕಾದದ್ದೇ. ನೀರಿನ ಬಾಟಲಿ ತನ್ನಿ, ಬುತ್ತಿ ಬೇಡ. ಕುರುಕಲು ತಿಂಡಿಯ ಕಾಗದ ಪುಷ್ಕರಣಿಗಳಲ್ಲಿ ತೇಲುವುದನ್ನು ನೋಡುವುದಕ್ಕೆ ಯಾರೂ ದುಡ್ಡು ಕೊಟ್ಟು ಬರುವುದಿಲ್ಲ. ಗೋಡೆಯ ಮೇಲೆ ಹೆಸರು ಕೆತ್ತಿದ ಪ್ರೇಮಿಗಳ ಬಗ್ಗೆ ನಾನು ಬರೆಯಲು ಕುಳಿತರೆ ಇದು ಮಾರ್ಗದರ್ಶಿಯಾಗಿ ಉಳಿಯುವುದಿಲ್ಲ.

ಒಟ್ಟು ಎರಡು ತಾಸು ಸಾಕು. ಗಾಲಿಕುರ್ಚಿಯವರಿಗೆ ನಗಾರಖಾನೆ ಸಾಧ್ಯವಿಲ್ಲ. ಬಾಗಿಲಿನ ನೆಲಗಲ್ಲುಗಳು ಒರಟಾಗಿರುವುದರಿಂದ ಒಳಗೆ ತಳ್ಳಿಕೊಂಡು ಹೋಗಲೂ ಇಬ್ಬರ ಸಹಾಯ ಬೇಕು.

ಹೊರಬಂದು ದಕ್ಷಿಣಕ್ಕೆ ನಡೆಯಿರಿ

ಬಂದ ದಾರಿಯಲ್ಲೇ ಹಿಂತಿರುಗಬೇಡಿ. ಐದು ನಿಮಿಷದ ನಡಿಗೆಯಲ್ಲಿ ಲಾಲ್ ಮಹಲ್ ಸಿಗುತ್ತದೆ. ಶಿವಾಜಿ ಬಾಲ್ಯ ಕಳೆದ, 1663ರಲ್ಲಿ ಮೊಘಲ್ ಸರದಾರ ಶಾಯಿಸ್ತೆಖಾನನ ಮೇಲೆ ರಾತ್ರಿ ದಾಳಿ ಮಾಡಿದ ಜಾಗ ಇದು. ಈಗಿರುವ ಕಟ್ಟಡ ಮಾತ್ರ 1980ರ ದಶಕದಲ್ಲಿ ಮಹಾನಗರಪಾಲಿಕೆ ಕಟ್ಟಿಸಿದ್ದು, ಹೊತ್ತಿದ್ದರೆ ಒಳಗೆ ಹೋಗಿ, ಇಲ್ಲದಿದ್ದರೆ ಹೊರಗಿನಿಂದ ನೋಡಿದರೂ ಸಾಕು. ಅದರ ಬದಲು ಕಸಬಾ ಗಣಪತಿಗೆ ಹೋಗಿ. ಊರಿನ ಗ್ರಾಮದೇವತೆ ಅದು, ವಿಸರ್ಜನೆಯ ಮೆರವಣಿಗೆಯಲ್ಲಿ ಮೊದಲ ಮಾನ ಅದಕ್ಕೇ. ವಾಡೆಯ ಹೆಂಗಸರು ಗಣೇಶ ದರವಾಜದಿಂದ ಹೊರಟು ಬರುತ್ತಿದ್ದ ಗುಡಿಯೂ ಇದೇ.

ಕೋಟೆಯಲ್ಲಿ ಮರದ ಕೆತ್ತನೆ ಸಿಗಲಿಲ್ಲವೆಂದು ಬೇಸರವಿದ್ದವರು ಬಾಜೀರಾವ್ ರಸ್ತೆಯ ವಿಶ್ರಾಮಬಾಗ್ ವಾಡೆಯವರೆಗೆ ಹೋಗಬೇಕು. ಎರಡನೆಯ ಬಾಜೀರಾವನಿಗಾಗಿ 1807ರ ಸುಮಾರಿಗೆ ಕಟ್ಟಿದ್ದು. ರಸ್ತೆಗೆ ಚಾಚಿದ ಅದರ ಮರದ ಮೊಗಸಾಲೆ ನೋಡಿದರೆ ಶನಿವಾರವಾಡೆಯಲ್ಲಿ ಕಲ್ಲಿನ ಮೇಲೆ ಏನಿತ್ತೆಂಬುದಕ್ಕೆ ಕಣ್ಣಿಗೆ ಆಧಾರ ಸಿಗುತ್ತದೆ. ಅದೇ ರಸ್ತೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯದಲ್ಲಿ ಕೋಥರೂಡಿನಿಂದ ತಂದು ಜೋಡಿಸಿದ ಮಸ್ತಾನಿ ಮಹಲಿದೆ. ಒಂದೇ ದಿನ ಎಲ್ಲವನ್ನೂ ನೋಡುವ ಹಟ ಬೇಡ, ಸಂಗ್ರಹಾಲಯಕ್ಕೇ ಅರ್ಧ ದಿನ ಹಿಡಿಯುತ್ತದೆ.

ಊಟದ ವಿಷಯ. ಪೇಟೆಯಲ್ಲಿ ಮಿಸಳ್, ಸಾಬುದಾಣಾ ಖಿಚಡಿ, ವಡಾಪಾವ್ ಹೆಜ್ಜೆಗೊಂದು ಕಡೆ ಸಿಗುತ್ತದೆ. ನಾರಾಯಣ ಪೇಟೆಯ ಬೇಡೇಕರ್ ಮಿಸಳ್ ಸ್ವಲ್ಪ ಸಿಹಿ ಮುಂದಾಗಿರುವುದರಿಂದ ಉತ್ತರ ಕರ್ನಾಟಕದ ನಾಲಿಗೆಗೆ ಕಡಿಮೆ ಖಾರ ಎನಿಸಬಹುದು. ಖಾರ ಬೇಕೆಂದರೆ ‘ತರ್ರಿ’ (ಮೇಲೆ ತೇಲುವ ಖಾರದ ಎಣ್ಣೆ) ಕೇಳಿ ಹಾಕಿಸಿಕೊಳ್ಳಿ. ಮಸ್ತಾನಿ ಎಂಬ ಹೆಸರಿನ ಪಾನೀಯ, ದಪ್ಪ ಹಾಲಿನ ಮೇಲೆ ಐಸ್‌ಕ್ರೀಂ ಗುಡ್ಡೆ, ಬೇಸಿಗೆಯಲ್ಲಿ ಮಾವಿನದ್ದನ್ನೇ ಕುಡಿಯಬೇಕು. ಎರಡು ದಿನದಿಂದ ಪೋಹೆ ತಿಂದು ಬೇಸತ್ತು ದೋಸೆ ಬೇಕೆಂದು ಹಟ ಹಿಡಿದ ಹಿರಿಯರಿದ್ದರೆ ರಿಕ್ಷಾ ಹಿಡಿದು ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಗೆ ಹೋಗಿ. ತುಳುನಾಡಿನಿಂದ ಬಂದ ಜಗನ್ನಾಥ ಶೆಟ್ಟರು ಬ್ರಾಹ್ಮಣಪೇಟೆಗಳ ಈ ಊರಿಗೆ ಇಡ್ಲಿ-ಸಾಂಬಾರಿನ ರುಚಿ ಹತ್ತಿಸಿದ್ದು ಅಲ್ಲಿಂದಲೇ. ಭಾನುವಾರ ಬೆಳಗ್ಗೆ ಮಾತ್ರ ಹೋಗಬೇಡಿ, ಹೆಸರು ಬರೆಸಿ ಬಾಗಿಲಲ್ಲಿ ಕಾಯುವುದೇ ಆಗುತ್ತದೆ.

ಊರಿಗೆ ಒಯ್ಯಲು ಬಾಕರವಡಿ ಬಾಜೀರಾವ್ ರಸ್ತೆಯ ಚಿತಳೆಯವರಲ್ಲಿ ಕೊಳ್ಳಬಹುದು, ಪಾತ್ರೆ-ಪಗಡೆ, ಬಳೆ, ಪೂಜೆಯ ಸಾಮಾನು ತುಳಶೀಬಾಗಿನಲ್ಲಿ. ತುಳಶೀಬಾಗಿಗೆ ಹೆಂಗಸರನ್ನು ಬಿಟ್ಟ ಗಂಡಸರು ಪಕ್ಕದ ಮಂಡಈಯ ಕಲ್ಲಿನ ಮಾರುಕಟ್ಟೆ ನೋಡುತ್ತ ಹೊತ್ತು ಕಳೆಯಬಹುದು. ಬ್ರಿಟಿಷರ ಕಾಲದಲ್ಲಿ ರೇ ಮಾರ್ಕೆಟ್ ಎನಿಸಿಕೊಂಡಿದ್ದ ಅದು ಈಗ ಮಹಾತ್ಮಾ ಫುಲೆ ಮಂಡಈ. ಅಲ್ಲೇ ಮೆಟ್ರೊ ನಿಲ್ದಾಣವಿದೆ, ಸ್ವಾರಗೇಟ್ ಅಲ್ಲಿಂದ ಒಂದೇ ನಿಲುಗಡೆ. ರಾತ್ರಿ ಬಸ್ಸಿಗೆ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುವವರು ಶನಿವಾರ, ಭಾನುವಾರವಾದರೆ ಸೀಟನ್ನು ಬರುವ ಮೊದಲೇ ಕಾದಿರಿಸಿಕೊಂಡಿರಬೇಕು. ಸ್ವಾರಗೇಟ್‌ನಲ್ಲಿ ನಿಂತು ಸಿಕ್ಕ ಬಸ್ಸು ಹತ್ತುತ್ತೇನೆಂದರೆ ಕೊಲ್ಹಾಪುರದವರೆಗೆ ನಿಂತೇ ಹೋಗಬೇಕಾದೀತು.